ಸೋಬಾನೆಗೆ ಯಾರ ಶಿಫಾರಸೂ ಬೇಕಿಲ್ಲ

ಜನಪದರ ಮಾತನ್ನು ಬೇರಿಗೂ ಕವಿಯ ಮಾತನ್ನು ಹೂವಿಗೂ ಹೋಲಿಸಿದವರು ಬಿ.ಎಂ.ಶ್ರೀ. ಅವರು ಅದನ್ನು ಹೇಳಿದ್ದು ಗೌರವದಿಂದಲೇ. ಆದರೆ ಇವತ್ತು ಕಾಲೇಜಿನ ನೋಟ್ಸಿನಿಂದ ಹಿಡಿದು ಬೆಂಗಳೂರಿನ ರಾಜಾಜಿನಗರದ ರಾಜ್ಯೋತ್ಸವದ ವೇದಿಕೆವರೆಗೆ ಅದು ತೀರ್ಪಾಗಿ ಕೂತಿದೆ. ಶುಭಕಾರ್ಯಗಳಲ್ಲಿ ಹೆಂಗಸರು ಹೇಳುವ ಸೋಬಾನೆ ಪದ ಮುಗ್ಧ, ಸರಳ, ಕಾವ್ಯವಾಗುವುದಕ್ಕೆ ಮುಂಚಿನ ಕಚ್ಚಾ ಸರಕು ಎಂದು ಭಾಷಣಕಾರರು ಮೆಚ್ಚುಗೆಯಲ್ಲೇ ಹೇಳಿ ಇಳಿಯುತ್ತಾರೆ. ಈ ಮೆಚ್ಚುಗೆ ನನಗೆ ಸಹಿಸಲಾಗುತ್ತಿಲ್ಲ.

ಶೋಭನ ಎಂದರೆ ಮಂಗಳ. ಹೆಂಗಸರ ಬಾಯಲ್ಲಿ ಅದು ಸೋಬಾನವಾಯಿತು, ಸೋಬಾನೆಯಾಯಿತು. ಹಾಡಿನ ಹೆಸರೂ ಅದೇ, ಪಲ್ಲವಿಯೂ ಅದೇ, ಹರಕೆಯೂ ಅದೇ. ಚಪ್ಪರ ಹಾಕುವಾಗ, ಅರಿಶಿನ ಹಚ್ಚುವಾಗ, ಹುಡುಗಿ ಮೈನೆರೆದ ಒಸಗೆಯಲ್ಲಿ, ಹೆಣ್ಣು ಒಪ್ಪಿಸುವಾಗ, ಒಂದೊಂದಕ್ಕೂ ಬೇರೆ ಬೇರೆ ಪದ. ನಗರದ ಕನ್ನಡದಲ್ಲಿ ಶೋಭನ ಎಂದರೆ ಮೊದಲ ರಾತ್ರಿ ಮಾತ್ರ ಎಂಬಂತಾಗಿದೆ. ಊರೆಲ್ಲ ಸೇರಿ ಹೇಳುತ್ತಿದ್ದ ಮಾತು ಒಂದು ಕೋಣೆಗೆ ಸೇರಿಕೊಂಡಿತು.

ಬೆಂಗಳೂರಿನ ವಿಜಯನಗರ ಬಡಾವಣೆಯ ಒಂದು ಛತ್ರದಲ್ಲಿ ಕುಣಿಗಲ್ ಕಡೆಯ ಹೆಂಗಸರು, ಬೀಗರನ್ನು ಹಂಗಿಸುವ ಬೀಗರ ಪದ ಹೇಳಿದ್ದನ್ನು ಕೇಳಿದ್ದೇನೆ. ಹಿರಿಯಾಕೆ ಒಂದು ಸಾಲು ಎತ್ತಿಕೊಟ್ಟರು. ಉಳಿದವರು ಅದನ್ನೇ ಹಿಡಿದು ಸೊಲ್ಲು ಹೇಳಿದರು. ಅವರು ಹೇಳುವಷ್ಟು ಹೊತ್ತು ಆಕೆಯ ಕಣ್ಣು ಗಂಡಿನ ಕಡೆಯವರ ಮೇಲೆ ಓಡಾಡುತ್ತಿತ್ತು. ಮುಂದಿನ ಸಾಲಿನಲ್ಲಿ ಬೀಗರ ಹೊಸ ವಾಚು ಬಂತು, ಅದರ ಮುಂದಿನದರಲ್ಲಿ ಅವರು ತಡವಾಗಿ ಬಂದದ್ದು ಬಂತು. ಪ್ರಾಸ ತಪ್ಪಲಿಲ್ಲ, ಲಯ ಜಾರಲಿಲ್ಲ. ಸೊಲ್ಲನ್ನು ಬರಿಯ ಪುನರಾವರ್ತನೆ ಎಂದು ಕರೆಯುವವರು ಇದನ್ನು ಗಮನಿಸಬೇಕು: ಮುಂದಿನ ಸಾಲು ಕಟ್ಟಲು ಆಕೆಗೆ ಸಿಗುವ ಸಮಯವೇ ಆ ಸೊಲ್ಲು. ಅಚ್ಚಿನಲ್ಲಿ ಸೊಲ್ಲನ್ನು ಒಮ್ಮೆ ಕೊಟ್ಟು ಮಿಕ್ಕಕಡೆ ಬಿಟ್ಟರೆ ಹಾಡು ಕಟ್ಟಿದ ಬಗೆಯೇ ಕಾಣದಾಗುತ್ತದೆ. 1931ರಲ್ಲಿ ‘ಗರತಿಯ ಹಾಡು’ ಎಂಬ ಜನಪದ ಗೀತೆಗಳ ಸಂಕಲನ ತಂದ ಹಲಸಂಗಿ ಗೆಳೆಯರ ಉಪಕಾರ ದೊಡ್ಡದು, ಅನುಮಾನವಿಲ್ಲ. ಆದರೆ ಪುಸ್ತಕ ನೋಡಿಯೇ ಹಾಡನ್ನು ಅಳೆಯುವ ಚಾಳಿಯೂ ನಮಗೆ ಅಲ್ಲಿಂದಲೇ ಹತ್ತಿಕೊಂಡಿತು.

ಬೇರು-ಹೂವಿನ ವಾದಕ್ಕೆ ನನ್ನ ಉತ್ತರ ವಾದಿರಾಜರು. ಹದಿನಾರನೆಯ ಶತಮಾನದ ಸೋದೆ ಮಠದ ಯತಿ, ಸಂಸ್ಕೃತದಲ್ಲಿ ‘ಯುಕ್ತಿಮಲ್ಲಿಕಾ’, ‘ರುಕ್ಮಿಣೀಶವಿಜಯ’ ಬರೆದ ಘನ ಪಂಡಿತರು. ಅವರು ‘ಲಕ್ಷ್ಮೀ ಶೋಭಾನೆ’ ಬರೆಯಲು ಕೂತಾಗ ಮದುವೆಮನೆಯ ಹೆಂಗಸರ ಧಾಟಿ ಹಿಡಿದರು. ಧಾಟಿಯೊಂದನ್ನೇ ಅಲ್ಲ. ಸಮುದ್ರಮಥನದಲ್ಲಿ ಹುಟ್ಟಿದ ಲಕ್ಷ್ಮಿ ಹಾರ ಹಿಡಿದು ನಿಂತು, ನೆರೆದ ದೇವತೆಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ಇವನಲ್ಲಿ ಈ ಕುಂದು, ಅವನಲ್ಲಿ ಆ ಕುಂದು ಎಂದು ಬಿಡುತ್ತ ಹೋಗುತ್ತಾಳೆ. ಕತೆ ಭಾಗವತದ್ದು, ಸಿದ್ಧಾಂತ ಮಾಧ್ವರದ್ದು, ವಿಷ್ಣುವೇ ಸರ್ವೋತ್ತಮ ಎಂಬುದು ಅದರ ಗುರಿ. ಆದರೆ ಗಂಡುಗಳ ಹುಳುಕನ್ನು ಚಪ್ಪರದಡಿ ಎಲ್ಲರಿಗೂ ಕೇಳುವಂತೆ ಹೇಳುವ ಆ ಸಲಿಗೆ ಇದೆಯಲ್ಲ, ಅದು ನನ್ನ ಕಿವಿಗೆ ಬೀಗರ ಪದದ್ದೇ. ಪಂಡಿತರು ಇಲ್ಲಿ ಬೇರಿನಿಂದ ಮೇಲೇರಿ ಹೂವಾಗಲಿಲ್ಲ, ಹೆಂಗಸರ ಪಾಠಶಾಲೆಗೆ ವಿದ್ಯಾರ್ಥಿಯಾಗಿ ಬಂದರು. ಇಂದಿಗೂ ಮಾಧ್ವರ ಮದುವೆಗಳಲ್ಲಿ ಆ ಹಾಡು ನಿಂತಿರುವುದು ಹೆಂಗಸರ ದನಿಯಲ್ಲೇ.

ಆದರೂ ನನ್ನ ಒಲವು ಕುಣಿಗಲ್ಲಿನ ಆಕೆಯ ಕಡೆಗೇ. ವಾದಿರಾಜರ ಹಾಡು ನುಡಿ ನುಡಿಯೂ ಗಟ್ಟಿಯಾಗಿ ನಿಂತುಬಿಟ್ಟಿದೆ, ಎದುರಿಗೆ ಕೂತ ಬೀಗರಿಗೆ ಅಲ್ಲಿ ಜಾಗವಿಲ್ಲ. ಆಕೆಯ ಪದದಲ್ಲಿದೆ. ಕಾವ್ಯದ ಪರೀಕ್ಷೆಯಲ್ಲಿ ಇದಕ್ಕೇ ನಾನು ಹೆಚ್ಚು ಅಂಕ ಕೊಡುತ್ತೇನೆ. ಇದು ಪಕ್ಷಪಾತ ಎನ್ನುವವರು ಎನ್ನಲಿ.

ಸೋಬಾನೆಯನ್ನು ಉಳಿಸಿದ್ದು ವೇದಿಕೆ ಎಂಬ ಇನ್ನೊಂದು ಮಾತಿದೆ. ಕೀಬೋರ್ಡು, ರಿದಂ ಪ್ಯಾಡು, ಮೈಕಿನ ಮುಂದೆ ಒಬ್ಬಳೇ ಗಾಯಕಿ: ಸೊಲ್ಲಿನವರು ಎಲ್ಲಿ ಹೋದರು? ಕೇಳುವವರೆಲ್ಲ ಚಪ್ಪಾಳೆಗೆ ಇಳಿದರು. ವೇದಿಕೆಯಲ್ಲದಿದ್ದರೆ ವಸ್ತುಸಂಗ್ರಹಾಲಯವಾದರೂ ಉಳಿಸೀತೇ? ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ನಾಗೇಗೌಡರ ದುಡಿಮೆಗೆ ಕೈಮುಗಿಯುತ್ತೇನೆ. ಆದರೆ ಗುಡಾಣ, ಒನಕೆ, ಬೀಸುಕಲ್ಲನ್ನು ತಂದಿಟ್ಟು ಕಾಪಾಡಬಹುದು, ಸೋಬಾನೆಯನ್ನು ಹಾಗೆ ಇಡಲಾಗದು. ಅದಕ್ಕೆ ಶಾಸ್ತ್ರ ಬೇಕು, ನಾಲ್ಕು ಜನ ಬೇಕು, ಹಂಗಿಸಿಕೊಳ್ಳುವ ಬೀಗರು ಬೇಕು.

ಬಸವೇಶ್ವರನಗರದಲ್ಲೂ ಮಾಗಡಿ ರಸ್ತೆಯಲ್ಲೂ ಛತ್ರಗಳು ಬೇಕಾದಷ್ಟಿವೆ. ಅಲ್ಲಿಗೆ ಮಂಡ್ಯ, ತುಮಕೂರು, ಮಾಗಡಿ ಕಡೆಯಿಂದ ಪದ ಬಲ್ಲ ಅಜ್ಜಿಯರು, ಅತ್ತೆಯರು ಬಂದೇ ಬರುತ್ತಾರೆ. ಅರಿಶಿನ ಶಾಸ್ತ್ರಕ್ಕೆ ಸಿನಿಮಾ ಹಾಡು ಹಾಕಿ ಮಕ್ಕಳಿಗೆ ಡಾನ್ಸ್ ಕಲಿಸುವುದಕ್ಕೆ ವಾರಗಟ್ಟಲೆ ಸಮಯ ಕೊಡುವ ಮನೆಯವರು, ಆ ಅಜ್ಜಿಗೆ ಅರ್ಧ ಗಂಟೆ ಕೊಡಲಾರರೇ? ನಿಮ್ಮ ಮನೆಯಲ್ಲಿ ಮದುವೆ ಇದ್ದರೆ ಸ್ಪೀಕರ್ ಆರಿಸಿ, ಹಿರಿಯರನ್ನು ಕೂರಿಸಿ ಒಂದು ಪದ ಹೇಳಿ ಎನ್ನಿ. ಸೊಲ್ಲಿಗೆ ನೀವೂ ದನಿಗೂಡಿಸಿ.