ಖೇಣಿಗೆ ಕೊಟ್ಟ ತೋಟ

ಚನ್ನಗಿರಿ, ಹೊಳಲ್ಕೆರೆ ಸುತ್ತಿನ ಬಯಲುಸೀಮೆಯ ಗದ್ದೆ ಹೊಲಗಳು ಅಡಿಕೆ ತೋಟವಾದದ್ದಕ್ಕೆ ನಮ್ಮ ವಿಚಾರ ಸಂಕಿರಣಗಳು ಹೇಳುತ್ತ ಬಂದಿರುವ ಕಾರಣ ಒಂದೇ: ಧಾರಣೆ ಏರಿತು, ರೈತ ಆಸೆಗೆ ಬಿದ್ದ. ಈ ವಿವರಣೆಗೆ ಸಿಕ್ಕ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಇವತ್ತಿನ ಧಾರಣೆ ನೋಡಿ ನೆಟ್ಟವನಿಗೆ ಫಸಲು ಬಂದಾಗಲೂ ಅದೇ ಸಿಕ್ಕೀತೆಂಬ ಖಾತ್ರಿ ಎಲ್ಲಿದೆ?

ನೋಡಬೇಕಾದದ್ದು ಖೇಣಿಯನ್ನು, ಅಂದರೆ ಫಸಲಿನ ಗುತ್ತಿಗೆಯನ್ನು. ಫಸಲು ಮರದಲ್ಲಿರುವಾಗಲೇ ಖೇಣಿದಾರ ಬಂದು, ಮಾತು ಮುಗಿಸಿ, ಮುಂಗಡ ಕೊಟ್ಟು ಹೋಗುತ್ತಾನೆ. ಕೊನೆ ಇಳಿಸುವವರು ಅವನ ಕಡೆಯವರು. ಸುಲಿಯುವ ಯಂತ್ರ, ಬೇಯಿಸುವ ಹಂಡೆ, ಒಣಗಿಸುವ ಕಣ ಎಲ್ಲ ಅವನದೇ. ಲೆಕ್ಕ ಹಸಿ ಅಡಿಕೆಯ ತೂಕಕ್ಕೋ, ಇಷ್ಟು ಹಸಿಗೆ ಇಷ್ಟು ಒಣ ಅಡಿಕೆ ಎಂಬ ಕರಾರಿಗೋ. ಮಾಲೀಕನಿಗೆ ಉಳಿಯುವುದು ನೀರು, ಗೊಬ್ಬರ, ಕಾವಲು. ಭತ್ತ ಹೀಗಲ್ಲ. ಸಸಿಮಡಿ, ನಾಟಿ, ಕಳೆ, ಕೊಯ್ಲು, ಒಂದೊಂದಕ್ಕೂ ಗೊತ್ತಾದ ವಾರದಲ್ಲೇ ಆಳು ಬೇಕು; ಮನೆಯವರೂ ಗದ್ದೆಗಿಳಿಯಬೇಕು. ಮಗ ಬೆಂಗಳೂರಲ್ಲಿ, ಮಗಳು ದಾವಣಗೆರೆಯಲ್ಲಿ, ಊರಲ್ಲಿ ಮುದಿ ತಂದೆತಾಯಿ ಮಾತ್ರ ಎಂಬ ಮನೆಗೆ ಒಗ್ಗುವ ಬೆಳೆ ಅಡಿಕೆಯೇ. ಜಮೀನನ್ನು ಮಾರಬೇಕಿಲ್ಲ, ಊರಲ್ಲಿ ನಿಂತು ಬೇಸಾಯವನ್ನೂ ಮಾಡಬೇಕಿಲ್ಲ. ಪಂಪ್‌ಸೆಟ್ಟಿಗೆ ಬರುವ ಉಚಿತ ವಿದ್ಯುತ್ತು, ಹನಿ ನೀರಾವರಿಯ ಪೈಪು ಈ ದಾರಿಯನ್ನು ಇನ್ನೂ ಸಲೀಸು ಮಾಡಿವೆ. ಕರಾರು ಒಣ ಅಡಿಕೆಗಾದರೆ ಅದನ್ನು ಮೂಟೆ ಕಟ್ಟಿಟ್ಟು, ಮದುವೆಯೋ ಆಸ್ಪತ್ರೆಯೋ ಎದುರಾದಾಗ ಮಂಡಿಗೆ ಹಾಕಬಹುದು. ಬೆಲೆಯ ಮಾತು ಬರುವುದು ಇದೆಲ್ಲ ಆದಮೇಲೆ.

ಮಲೆನಾಡಿನ ಕೆಲವು ಬರಹಗಾರರಿಗೆ ಬಯಲುಸೀಮೆಯ ಅಡಿಕೆಯೆಂದರೇ ಅಪಚಾರ. ತಮ್ಮದು ಸಂಸ್ಕೃತಿ, ಇವರದು ದುರಾಸೆ! ಆ ಸಂಸ್ಕೃತಿಗೆ ಕಾಡಿನ ಆಸರೆಯಿತ್ತು: ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ, ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಹಕ್ಕಿತ್ತು. ಬಯಲಿನವನಿಗೆ ಅಂಥ ಬೆಟ್ಟ ಕೊಟ್ಟವರು ಯಾರು? ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ನೆಲಕಚ್ಚಿದಾಗ ಹಳೆಯ ಬೆಳೆಗಾರರು ತೋಟ ಕಡಿಯಲಿಲ್ಲ; ಕರಾವಳಿಯವರು 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಮಾರಾಟ ಸಂಸ್ಥೆಯನ್ನೇ ಕಟ್ಟಿಕೊಂಡರು. ಬೆಲೆ ಬಿದ್ದಾಗಲೂ ತೋಟಕ್ಕೆ ಅಂಟಿಕೊಂಡವರು, ಇನ್ನೊಬ್ಬರು ಬೆಲೆಗಾಗಿಯೇ ನೆಟ್ಟರೆಂದು ದೂರುವುದು ವಿಚಿತ್ರ.

ಹಾಗೆಂದು ತೋಟ ನೆಟ್ಟು ಖೇಣಿಗೆ ಕೊಡುವ ಈ ಪದ್ಧತಿಯನ್ನು ಹೊಗಳಲಾರೆ. ಮಳೆ ಕೈಕೊಟ್ಟ ವರ್ಷ ಗದ್ದೆಯನ್ನು ಬೀಳು ಬಿಡಬಹುದು. ಅಡಿಕೆಗೆ ಒಂದು ಬೇಸಿಗೆ ನೀರು ತಪ್ಪಿದರೆ ಹತ್ತು ವರ್ಷದ ದುಡಿಮೆಯೇ ಹೋಯಿತು. ಹಾಗಾಗಿ ಒಂದು ಬೋರ್‌ವೆಲ್ ಬತ್ತಿದರೆ ಇನ್ನೊಂದು, ಅದೂ ಬತ್ತಿದರೆ ಟ್ಯಾಂಕರ್. ಅಷ್ಟರಲ್ಲಿ ಖೇಣಿದಾರ ನೀರಿರುವ ಬೇರೆ ತೋಟ ನೋಡಿಕೊಂಡಿರುತ್ತಾನೆ. ಕೊರೆಸಿದ ಸಾಲ ಮಾತ್ರ ಪಹಣಿಯಲ್ಲಿ ಹೆಸರಿರುವವನದು.