ಅಲಗು ಬಿಟ್ಟು ಬಿಲ್ಲೆ ನೋಡುವವರು

ಜಪಾನಿನ ಕತ್ತಿ ಅಂದಕೂಡಲೇ ಕಣ್ಣೆದುರು ಬರೋದು ಸಿನಿಮಾದ ಸಮುರಾಯ್, ಫಳಫಳ ಹೊಳೆಯೋ ಅಲಗು. ಆದರೆ ಆ ಅಲಗಿನ ಕಡೆ ತಿರುಗಿಯೂ ನೋಡದ ಒಂದು ಪಂಗಡ ಇದೆ. ಅವರಿಗೆ ಬೇಕಾದ್ದು ಅಲಗಿಗೂ ಹಿಡಿಗೂ ನಡುವೆ ಕೂರುವ, ಅಂಗೈಯೊಳಗೆ ಹಿಡಿಯುವಷ್ಟು ದೊಡ್ಡ ಲೋಹದ ಬಿಲ್ಲೆ. ಹೆಸರು ತ್ಸುಬಾ. ಕೈ ಜಾರಿ ಅಲಗಿನ ಮೇಲೆ ಹೋಗದ ಹಾಗೆ ತಡೆಯೋದು, ಕತ್ತಿಯ ತೂಕ ಸರಿದೂಗಿಸೋದು ಅದರ ಕೆಲಸ. ಮೆಕ್ಯಾನಿಕಲ್ ಓದಿದವರು ಇದನ್ನು ದೊಡ್ಡ ವಾಷರ್ ಅಂತ ಕರೆದರೆ ನಾನು ಜಗಳಕ್ಕೆ ಬರಲ್ಲ.

ಈ ವಾಷರಿನ ಬಗ್ಗೆ ನೂರೈವತ್ತು ವರ್ಷಗಳಿಂದ ಪುಸ್ತಕದ ಮೇಲೆ ಪುಸ್ತಕ ಬರೀತಿದ್ದಾರೆ. ಯಾಕೆ ಅಂತ ತಿಳಿಯೋಕೆ ಒಂದು ಹಳೇ ಕಬ್ಬಿಣದ ತ್ಸುಬಾದ ಫೋಟೋವನ್ನು ಜೂಮ್ ಮಾಡಿ ನೋಡಿ. ನಡುವೆ ಅಲಗಿನ ಬುಡ ತೂರುವ ಕಂಡಿ. ಕೆಲವದರಲ್ಲಿ ಅದರ ಅಕ್ಕಪಕ್ಕ ಇನ್ನೆರಡು ಕಂಡಿ: ಒಂದು ಒರೆಯಲ್ಲೇ ಸಿಕ್ಕಿಸಿಕೊಳ್ಳುವ ಪುಟ್ಟ ಚಾಕುವಿಗೆ, ಇನ್ನೊಂದು ಕೂದಲು ಸರಿಮಾಡುವ ಕಡ್ಡಿಗೆ. ಆ ಕಡ್ಡಿಯ ತುದಿಯಲ್ಲಿ ಕಿವಿಗುಗ್ಗೆ ತೆಗೆಯೋ ಪುಟ್ಟ ಸೌಟು! ಎಷ್ಟೇ ದೊಡ್ಡ ವೀರನಾದರೂ ಕಿವಿ ತುರಿಸದೆ ಇರುತ್ತಾ? ನಡುವಿನ ಕಂಡಿಯ ಮೇಲೆ ಕೆಳಗೆ ತಾಮ್ರದ ತುಣುಕು ಬಡಿದು ಕೂರಿಸಿದ್ದರೆ, ಆ ಬಿಲ್ಲೆಯನ್ನು ಅಲಗಿಗೆ ಅಲುಗದಂತೆ ಹೊಂದಿಸಿದ್ದಾರೆ ಅಂತ ಅರ್ಥ. ಕತ್ತಿ ಬದಲಾದಾಗ ಅದನ್ನೂ ಮತ್ತೆ ಬಡಿದು ಹೊಂದಿಸಬೇಕು. ಹಳೇ ಕೋಡಿಗೆ ಹಾಕಿದ ಪ್ಯಾಚ್ ಇದ್ದ ಹಾಗೆ. ಯಾರೂ ಅಳಿಸಿಲ್ಲ, ಹಿಸ್ಟರಿ ಅಲ್ಲೇ ಕಾಣುತ್ತೆ. ಅಂಚಿನಲ್ಲಿ ಅಲ್ಲಲ್ಲಿ ಉಬ್ಬಿದ ಗಂಟುಗಳಿರುತ್ತವೆ. ಬಡಿಯುವಾಗ ಒಂದಾಗದೆ ಉಳಿದ ಗಡಸು ಕಬ್ಬಿಣ ಅದು. ಬೇರೆ ಕಡೆಯಾದರೆ ಅದನ್ನು ದೋಷ ಅಂತ ಅರದಿಂದ ಉಜ್ಜಿ ತೆಗೀತಿದ್ದರು. ಇವರು ಅದಕ್ಕೆ 'ಕಬ್ಬಿಣದ ಎಲುಬು' ಅಂತ ಹೆಸರಿಟ್ಟು, ಅದಿದ್ದರೆ ಮೆಚ್ಚಿಕೊಳ್ತಾರೆ.

ಮುಂದೆ ಎದೋ ಕಾಲದಲ್ಲಿ ಯುದ್ಧ ಕಡಿಮೆಯಾಗಿ ಕತ್ತಿ ದರ್ಜೆ ತೋರಿಸೋ ವಸ್ತುವಾಯ್ತು. ಆಗ ಮೆರೆದದ್ದು ಶಕುದೋ. ತಾಮ್ರಕ್ಕೆ ನೂರಕ್ಕೆ ಕೆಲವೇ ಪಾಲು ಚಿನ್ನ ಬೆರೆಸಿ, ದ್ರಾವಣದಲ್ಲಿ ಕುದಿಸಿದರೆ ಮೇಲ್ಮೈ ನೇರಳೆಹಣ್ಣಿನಂಥ ನೀಲಿಗಪ್ಪಾಗುತ್ತೆ. ಅದರ ಮೇಲೆ ಚಿನ್ನದ ಹೂವು, ಹಕ್ಕಿ, ಡ್ರ್ಯಾಗನ್. ಕೆಲಸಗಾರಿಕೆ ಅದ್ಭುತ, ಎರಡು ಮಾತಿಲ್ಲ. ಆದರೆ ಹತ್ತು ನೋಡಿದ ಮೇಲೆ ನನಗೆ ಮದುವೆಮನೆಯಲ್ಲಿ ಕೂತ ಹಾಗಾಗುತ್ತೆ. ನನ್ನ ವೋಟು ಕಬ್ಬಿಣಕ್ಕೇ.

1876ರಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸೋದನ್ನು ನಿಷೇಧಿಸಿತು. ಸೈನಿಕರು, ಪೊಲೀಸರಂಥ ಕೆಲವರಿಗೆ ಮಾತ್ರ ವಿನಾಯಿತಿ. ಬಿಲ್ಲೆ ಮಾಡೋರ ಹೊಟ್ಟೆಪಾಡಿಗೆ ಕಲ್ಲುಬಿತ್ತು. ಕಾನೋ ನಾತ್ಸುಓ ಎಂಬ ದೊಡ್ಡ ಕಲಾವಿದ ಅಷ್ಟರಲ್ಲಾಗಲೇ ಹೊಸ ಸರ್ಕಾರದ ನಾಣ್ಯಗಳಿಗೆ ವಿನ್ಯಾಸ ಮಾಡಿ, ಆಮೇಲೆ ಟೋಕಿಯೋದ ಕಲಾಶಾಲೆಯಲ್ಲಿ ಮೇಷ್ಟ್ರಾದ. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಕತ್ತಿಯಿಂದ ಕಳಚಿದ ಬಿಲ್ಲೆಗಳು ರಾಶಿರಾಶಿಯಾಗಿ ಹಡಗು ಹತ್ತಿ ಬಾಸ್ಟನ್, ನ್ಯೂಯಾರ್ಕ್ ಸೇರಿದವು. ಈ ಹವ್ಯಾಸದ ಬಗ್ಗೆ ನನ್ನ ತಕರಾರು ಇರೋದು ಇಲ್ಲೇ. ಹಳೇ ಮನೆ ಕೆಡವಿ ಬರೀ ಕೆತ್ತನೆಯ ಬಾಗಿಲವಾಡ ತಂದು ರೆಸಾರ್ಟಿನ ಗೋಡೆಗೆ ನಿಲ್ಲಿಸೋ ಚಟಕ್ಕೂ ಇದಕ್ಕೂ ಬಹಳ ದೂರ ಇಲ್ಲ. ಆದರೂ ಒಂದು ಒಪ್ಪಬೇಕು. ಜಪಾನಿನವರು ಅಂಚಿಗೊಂದು, ಕಂಡಿಗೊಂದು, ಮೇಲ್ಮೈಯ ತರಿಗೊಂದು ಹೆಸರಿಟ್ಟಿದ್ದರು. ಸಂಗ್ರಹಕಾರರು ಆ ಮಾತುಗಳನ್ನು ಕಲಿತು, ಬೆಳೆಸಿದರು. ಎಷ್ಟೋ ಬಿಲ್ಲೆಗಳ ಮೇಲೆ ಮಾಡಿದವನ ಸಹಿ ಇದೆ, ಸುಳ್ಳು ಸಹಿ ಹಿಡಿಯೋದೇ ಒಂದು ವಿದ್ಯೆ. ಕಮ್ಮಾರನ ಹೆಸರಿಗೆ ಬೆಲೆ ಇರೋ ಲೋಕ ಅದು.

ತ್ಸುಬಾದಲ್ಲಿ 'ನಂಬನ್' ಅಂತ ಒಂದು ಬಗೆ ಇದೆ. ನಂಬನ್ ಅಂದರೆ ದಕ್ಷಿಣದ ಅನಾಗರಿಕರು. ಪೋರ್ಚುಗೀಸರಿಗೆ ಜಪಾನಿನವರು ಇಟ್ಟ ಅಡ್ಡಹೆಸರು ಇದೇ. ಒಂದರೊಳಗೊಂದು ತೂರಿದ ಬಳ್ಳಿ, ಅದರೊಳಗೆ ಡ್ರ್ಯಾಗನ್: ಹೊರಗಿನ ಗಾಳಿ ಬೀಸಿದ ವಿನ್ಯಾಸ. ಈ ಪೋರ್ಚುಗೀಸರು ಗೋವಾದಿಂದ ಹೊರಟು ಮಕಾವ್ ಮೇಲೆ ನಾಗಸಾಕಿಗೆ ಹೋಗ್ತಿದ್ದ ದಶಕಗಳಲ್ಲೇ ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿ ಜೊತೆ ಕಾಳುಮೆಣಸಿನ ವ್ಯಾಪಾರವನ್ನೂ ಜಗಳವನ್ನೂ ಮಾಡ್ತಿದ್ದರು. ಅವಳನ್ನು 'ಮೆಣಸಿನ ರಾಣಿ' ಅಂತ ಕರೆದದ್ದೂ ಅವರೇ. ಅದೇ ಜನ ಕಾಲಿಟ್ಟ ಒಂದು ಕಡೆ ಕತ್ತಿಯ ಬಿಲ್ಲೆಯ ಮೇಲೂ ಅವರ ಗುರುತು ಉಳೀತು. ಇನ್ನೊಂದು ಕಡೆ, ಅಂದರೆ ನಮ್ಮ ಕಡೆ, ನಗರಬಸ್ತಿಕೇರಿಯ ಚತುರ್ಮುಖ ಬಸದಿಯ ಕಲ್ಲು ಉಳೀತು. ಇವತ್ತು ರಾಣಿಯ ಚಿತ್ರ ಬರೆಯೋರೆಲ್ಲ ಕೈಗೊಂದು ಕತ್ತಿ ಕೊಡ್ತಾರೆ. ಅದರ ಹಿಡಿ ಹೇಗಿತ್ತು ಅಂತ ಕೇಳಿದವರು ಯಾರೂ ನನಗೆ ಸಿಕ್ಕಿಲ್ಲ. ವೀರಗಲ್ಲುಗಳನ್ನೇ ನೋಡಿ: ಎತ್ತಿದ ಅಲಗು ಸ್ಪಷ್ಟ, ಹಿಡಿ ಮಾತ್ರ ಮುಷ್ಟಿಯೊಳಗೆ.

ನಮ್ಮಲ್ಲೂ ಇಂಥ ಕೆಲಸ ಇರಲಿಲ್ಲವಾ ಅಂದರೆ, ಕೊಡಗಿಗೆ ಹೋಗಿ. ಪೀಚೆಕತ್ತಿಯ ಒರೆಗೆ ಬೆಳ್ಳಿ ಹೊದಿಕೆ, ಹಿಡಿಯ ತುದಿಗೆ ಗಿಳಿಯ ತಲೆ, ಬೆಳ್ಳಿ ಸರಪಳಿಯಲ್ಲಿ ಚಿಮಟ, ಉಗುರಿನ ಕೊಳೆ ತೆಗೆಯೋ ಕಡ್ಡಿ, ಮತ್ತೆ, ಹೌದು, ಕಿವಿಗುಗ್ಗೆ ತೆಗೆಯೋ ಸೌಟು! ಸಮುರಾಯ್‌ಗೂ ಕೊಡವನಿಗೂ ಒಂದೇ ತುರಿಕೆ. ಅಗಲ ಅಲಗಿನ ಒಡಿಕತ್ತಿಗೆ ಒರೆಯೇ ಇಲ್ಲ. ಬೆನ್ನ ಹಿಂದೆ ಸೊಂಟಪಟ್ಟಿಗೆ ಸೇರಿಸಿದ ತೋಡಂಗ್ ಎಂಬ ಲೋಹದ ಹಿಡಿಕೆಯಲ್ಲಿ ಬರೀ ಅಲಗು ನಿಲ್ಲುತ್ತೆ. ಬ್ರಿಟಿಷರು 1861ರಲ್ಲಿ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಜಪಾನಿನಲ್ಲಿ ಕತ್ತಿ ಸೊಂಟದಿಂದ ಇಳಿದು ಕಲೆಯಾಯ್ತು, ಕೊಡಗಿನಲ್ಲಿ ಸೊಂಟದಲ್ಲೇ ಉಳೀತು. ಕೈಲ್ ಪೊಳ್ದಿಗೆ ಪೂಜೆ, ಮದುವೆಗೆ ಬಾಳೆದಿಂಡು ಕಡಿಯೋದು, ಎಲ್ಲ ಇವತ್ತಿಗೂ ನಡೆಯುತ್ತೆ. ನನ್ನ ಕಣ್ಣಿಗೆ ಕೊಡಗಿನದೇ ಹೆಚ್ಚು ಆರೋಗ್ಯಕರ. ಆದರೆ ಆ ಗಿಳಿಯನ್ನು ಮಾಡಿದ ಅಕ್ಕಸಾಲಿ ಯಾರು? ಸಹಿ ಇಲ್ಲ. ಈ ಕೊಡಗಿನ ಕತ್ತಿಗಳನ್ನು ಹೆಸರು ಹಿಡಿದು ದಾಖಲಿಸಿದವರಲ್ಲಿ ಒಬ್ಬ ಅಮೆರಿಕದ ಗಣಿ ಇಂಜಿನಿಯರ್, ಜಾರ್ಜ್ ಕ್ಯಾಮೆರಾನ್ ಸ್ಟೋನ್. 1934ರ ಅವನ ಆಯುಧಕೋಶದಲ್ಲಿ ಜಪಾನಿನ ಬಿಲ್ಲೆಗಳ ಜೊತೆಗೇ ಇವೂ ಇವೆ.

ನಮ್ಮಲ್ಲಿ ಕತ್ತಿಗೆ ಬೆಲೆ ಬರೋದು ಹಿಡಿದವನಿಂದ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಶಯನಗೃಹದ ಕತ್ತಿ 1.4 ಕೋಟಿ ಪೌಂಡಿಗೆ ಹೋಯ್ತು. ಪೇಪರಿನಲ್ಲಿ ಟಿಪ್ಪು ಸುದ್ದಿ, ಅದನ್ನು ಪಡೆದ ಬೇರ್ಡ್ ಸುದ್ದಿ, ರೂಪಾಯಿ ಲೆಕ್ಕ. ಹಿಡಿಯ ಮೇಲೆ ಚಿನ್ನದ ಅಕ್ಷರ ಕೂರಿಸಿದವನ ಬಗ್ಗೆ ನಾನು ಓದಿದ ಸುದ್ದಿಯಲ್ಲಿ ಒಂದು ಸಾಲೂ ಇರಲಿಲ್ಲ. ಯಜಮಾನ ಟಿಪ್ಪು ಅಲ್ಲದಿದ್ದರೆ ಅಂಥದ್ದೇ ಹಿಡಿ ಹಳೇ ಬೆಳ್ಳಿ ಕೊಳ್ಳೋ ಅಂಗಡಿಯ ತಕ್ಕಡಿಗೆ ಹೋಗುತ್ತೆ. ಅಲ್ಲಿ ಗಿಳಿಗೂ ಗ್ರಾಮ್ ಲೆಕ್ಕ, ಹಳೇ ಕಾಲುಚೈನಿಗೂ ಅದೇ ಲೆಕ್ಕ.

ಇದಕ್ಕೆ ದುಡ್ಡಿನ ಕೊರತೆಗಿಂತ ಮಾತಿನ ಕೊರತೆ ಕಾರಣ ಅಂತ ನನ್ನ ವಾದ. ಅಲಗು, ಹಿಡಿ, ಒರೆ ಅಂದರೆ ನಮ್ಮ ಬರಹದ ಕನ್ನಡದಲ್ಲಿ ಕತ್ತಿಯ ವರ್ಣನೆ ಮುಗೀತು. ಮ್ಯೂಸಿಯಮ್ಮಿನ ಲೇಬಲ್ 'ಖಡ್ಗ, ಕಬ್ಬಿಣ' ಅಂತ ಹೇಳಿ ಸುಮ್ಮನಾಗುತ್ತೆ. ಹಿಡಿಯ ತುದಿ ಏನಾಗಿದೆ, ಕೈತಡೆ ಬೆಸುಗೆ ಹಾಕಿದ್ದಾ ಎರಕದ್ದಾ, ಯಾವ ಊರ ಕೆಲಸ, ಎಷ್ಟು ಸಲ ರಿಪೇರಿಯಾಗಿದೆ — ಇಷ್ಟು ಬರೆಯೋಕೆ ಕೋಟಿ ಬೇಕಾಗಲ್ಲ. ಬರೆಯೋಕೆ ಪದ ಬೇಕು ಅಂದರೆ ಕುಲುಮೆಗೆ ಹೋಗಿ ಕೇಳಬೇಕು.

ನಮ್ಮ ಶರಾವತಿ ದಂಡೆಯ ತೋಟಗಳಲ್ಲಿ ಕೊನೆಗೌಡ ಮರ ಹತ್ತುವಾಗ ಸೊಂಟದ ಹಿಂದೆ ಕೊಕ್ಕೆಯಲ್ಲಿ ಕತ್ತಿ ಸಿಕ್ಕಿಸಿಕೊಂಡಿರ್ತಾನೆ. ಉಪಾಯ ತೋಡಂಗಿನದೇ, ಬೆಳ್ಳಿ ಇಲ್ಲ ಅಷ್ಟೇ. ಸುತ್ತಮುತ್ತ ಹಳಬರ ಹತ್ತಿರ ಇರೋ ಕೊಕ್ಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬಾಗು ಬೇರೆ, ಸವೆದ ಜಾಗ ಬೇರೆ. ಎಡಗೈಯವನ ಕೊಕ್ಕೆ ಎಡಕ್ಕೇ ಸವೆದಿರುತ್ತೆ. ಈಗ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊನೆ ಇಳಿಸ್ತಾರೆ. ಮರ ಹತ್ತಿ ಬೀಳೋದು ತಪ್ಪಿತು, ಒಳ್ಳೇದೇ. ಕೊಕ್ಕೆಗಳು ಮಾತ್ರ ಗುಜರಿಯವನ ಚೀಲ ಸೇರ್ತಾ ಇವೆ.