ಆರು ಕಮಾಂಡ್‌ಗಳ ಕೀರ್ತಿ

ಕಮಾಂಡ್ ಬೆರಳಚ್ಚಿಸಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಟರ್ಮಿನಲ್ ಪರವಾಗಿ ವಾದಕ್ಕಿಳಿದವರು ಬೇಗನೆ ನೆನೆಯುವ ಕಥೆಯೊಂದಿದೆ. 1986ರಲ್ಲಿ ಜಾನ್ ಬೆಂಟ್ಲಿ ಕಂಪ್ಯೂಟರ್ ತಜ್ಞರ ಎಸಿಎಂ ಸಂಸ್ಥೆಯ ಮಾಸಪತ್ರಿಕೆಗೆ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಅಂಕಣ ಬರೆಯುತ್ತಿದ್ದರು. ಒಂದು ಪಠ್ಯದಲ್ಲಿ ಅತಿ ಹೆಚ್ಚು ಸಲ ಬರುವ ಪದಗಳನ್ನು ಎಣಿಕೆ ಸಮೇತ ಪಟ್ಟಿ ಮಾಡುವ ಪ್ರೋಗ್ರಾಂ ಬೇಕೆಂದು ಅವರು ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ ಅವರನ್ನು ಕೇಳಿದರು. ಕನೂತ್ ಹಲವು ಪುಟಗಳ ಪ್ರೋಗ್ರಾಂ ಬರೆದುಕೊಟ್ಟರು. ಅದರ ವಿಮರ್ಶೆಗೆ ಕೂತ ಡಗ್ ಮೆಕಿಲ್ರಾಯ್, ಅದೇ ಕೆಲಸವನ್ನು ಪೈಪ್‌ನಿಂದ ಜೋಡಿಸಿದ ಆರು ಕಮಾಂಡ್‌ಗಳಲ್ಲಿ ಮುಗಿಸಿ ತೋರಿಸಿದರು. ಕನೂತ್ ಸೋತರು, ಟರ್ಮಿನಲ್ ಗೆದ್ದಿತು ಎಂಬ ಮಾತು ಅಲ್ಲಿಂದ ಹುಟ್ಟಿಕೊಂಡಿತು.

ಈ ಗೆಲುವಿನ ಕಥೆಗೆ ಬುಡವೇ ಗಟ್ಟಿಯಿಲ್ಲ. ಕನೂತ್ ತೋರಿಸಹೊರಟದ್ದು ಸಾಹಿತ್ಯದಂತೆ ಓದಿಸಿಕೊಳ್ಳುವ ಪ್ರೋಗ್ರಾಂ ಬರೆಯುವ ತಮ್ಮ ಪದ್ಧತಿಯನ್ನು. ಚಿಕ್ಕದಾಗಿ ಬರೆಯುವುದು ಅಲ್ಲಿ ಪಂದ್ಯವೇ ಆಗಿರಲಿಲ್ಲ. ಮೆಕಿಲ್ರಾಯ್ ಕೂಡ ಆ ಬರವಣಿಗೆಯ ಕುಸುರಿಯನ್ನು ಮನಸಾರೆ ಮೆಚ್ಚಿಯೇ ತಮ್ಮ ಆಕ್ಷೇಪ ಎತ್ತಿದ್ದರು. ಮರುಹೇಳಿಕೆಯಲ್ಲಿ ಮೆಚ್ಚುಗೆ ಉದುರಿಹೋಗಿ ಏಟು ಮಾತ್ರ ಉಳಿಯಿತು. ದಿನನಿತ್ಯದ ಕೆಲಸಕ್ಕೆ ಟರ್ಮಿನಲ್ ಯಾಕೆ ಎಂದು ಕೇಳಿದವರಿಗೆ ಇಂದಿಗೂ ಸಿಗುವ ಉತ್ತರ ಈ ಏಟಿನದೇ: ನಿಮ್ಮ ಹತ್ತು ಕ್ಲಿಕ್, ನಮ್ಮ ಒಂದು ಸಾಲು.

ಹಾಗಿದ್ದರೆ ಆ ಒಂದು ಸಾಲನ್ನೇ ಬಿಡಿಸಿ ನೋಡಬೇಕು. ಮೊದಲ ಕಮಾಂಡ್ ‘ಟಿಆರ್’. ಇಂಗ್ಲಿಷಿನ ಎಯಿಂದ ಝಡ್‌ವರೆಗಿನ ದೊಡ್ಡ, ಸಣ್ಣ ಅಕ್ಷರಗಳನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಅದು ಹೊಸ ಸಾಲಾಗಿ ಬದಲಿಸುತ್ತದೆ, ಒಟ್ಟೊಟ್ಟಿಗೆ ಬಂದ ಹೊಸ ಸಾಲುಗಳನ್ನು ಒಂದಾಗಿಸುತ್ತದೆ. ಹೀಗೆ ಸಾಲಿಗೊಂದು ಪದ ಸಿಕ್ಕಿತು. ಎರಡನೆಯ ‘ಟಿಆರ್’ ದೊಡ್ಡಕ್ಷರವನ್ನು ಸಣ್ಣದು ಮಾಡುತ್ತದೆ. ‘ಸಾರ್ಟ್’ ಅಕಾರಾದಿಯಾಗಿ ಜೋಡಿಸುತ್ತದೆ, ‘ಯೂನಿಕ್’ ಅಕ್ಕಪಕ್ಕದ ಒಂದೇ ಪದಗಳನ್ನು ಎಣಿಸುತ್ತದೆ, ಇನ್ನೊಂದು ‘ಸಾರ್ಟ್’ ಎಣಿಕೆಯನ್ನು ಇಳಿಕೆಯ ಕ್ರಮಕ್ಕೆ ತರುತ್ತದೆ, ‘ಸೆಡ್’ ಬೇಕಾದಷ್ಟು ಸಾಲು ತೋರಿಸಿ ನಿಲ್ಲಿಸುತ್ತದೆ. ಒಂದರ ಹೊರಬರಹ ಮುಂದಿನದರ ಒಳಬರಹ. ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಗೆ 1973ರಲ್ಲಿ ಬಂದ ಪೈಪ್‌ನ ಕಲ್ಪನೆ ಮೆಕಿಲ್ರಾಯ್ ಅವರದು, ಅದನ್ನು ಬರೆದು ಕೂರಿಸಿದವರು ಕೆನ್ ಥಾಂಪ್ಸನ್. ಆ ಜೋಡಣೆಯ ಸೊಗಸನ್ನು ಒಪ್ಪದೆ ಇರಲಾಗದು.

ಈಗ ಲಿನಕ್ಸ್ ಯಂತ್ರದಲ್ಲಿ ಇದೇ ಸಾಲಿಗೆ ಕನ್ನಡ ಕಾದಂಬರಿಯೊಂದರ ಯುನಿಕೋಡ್ ಪಠ್ಯ ಕೊಟ್ಟು ನೋಡಿ. ನಡುವೆ ಇಂಗ್ಲಿಷ್ ಅಕ್ಷರವಿಲ್ಲದಿದ್ದರೆ ಹೊರಬರುವುದು ಒಂದೇ ಸಾಲು: 1 ಎಂಬ ಅಂಕಿ, ಅದರ ಪಕ್ಕದಲ್ಲಿ ಖಾಲಿ. ಇಡೀ ಕಾದಂಬರಿ ‘ಮಿಕ್ಕಿದ್ದೆಲ್ಲ’ ಎಂಬ ಗುಂಪಿಗೆ ಬಿದ್ದು, ಒಂದೇ ಒಂದು ಹೊಸ ಸಾಲಾಗಿ ಕುಗ್ಗಿಹೋಗಿದೆ. ತಪ್ಪಾಯಿತೆಂಬ ಸಂದೇಶ ಇಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಕೆಲಸ ಸರಿಯಾಗಿಯೇ ಮುಗಿದಿದೆ.

ಇದಕ್ಕೆ ಮೆಕಿಲ್ರಾಯ್ ಅವರನ್ನು ದೂರುವುದು ನ್ಯಾಯವಲ್ಲ. ಜಗತ್ತಿನ ಲಿಪಿಗಳಿಗೆ ಸಂಕೇತ ಕೊಡುವ ಯುನಿಕೋಡ್‌ನ ಮೊದಲ ಆವೃತ್ತಿ ಬಂದದ್ದೇ 1991ರಲ್ಲಿ. ಇಂದಿಗೂ ಆ ಸಾಲನ್ನು ಸಾರ್ವಕಾಲಿಕ ಮಾದರಿಯೆಂದು ಮುಂದಿಡುವವರು ಮಾತ್ರ ಉತ್ತರ ಹೇಳಬೇಕು.

ಜಾಣ ಓದುಗ ತಿದ್ದುಪಡಿ ಸೂಚಿಸಬಹುದು: ಅಕ್ಷರ ನೋಡಬೇಡಿ, ಖಾಲಿ ಜಾಗ ಕಂಡಲ್ಲಿ ಒಡೆಯಿರಿ. ಕನ್ನಡ ಪದಗಳು ಆಗ ಸಾಲಾಗಿ ಬರುತ್ತವೆ, ಜೊತೆಗೆ ಉದ್ಧರಣ ಚಿಹ್ನೆಗಳೂ ಅಂಟಿಕೊಂಡು ಬರುತ್ತವೆ. ವರ್ಡ್‌ನಲ್ಲಿ ಬೆರಳಚ್ಚಾದ ಪಠ್ಯದಲ್ಲಿ ಅವು ಬಾಗಿದ ಜೋಡಿ ಚಿಹ್ನೆಗಳಾಗಿರುವುದೇ ಹೆಚ್ಚು. ಅವನ್ನು ಅಳಿಸಲು ಮತ್ತೆ ‘ಟಿಆರ್’ ಬಳಸಿದರೆ ಅನಾಹುತವೇ ಆಗುತ್ತದೆ. ‘ಜೀವನ’ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ, ಯುನಿಕೋಡ್‌ಗೆ 4 ಸಂಕೇತ, ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ 12 ಬೈಟ್. ಯುಟಿಎಫ್-8 ಅನ್ನು 1992ರಲ್ಲಿ ರೂಪಿಸಿದವರು ಅದೇ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ಲಿನಕ್ಸ್‌ನ ಗ್ನೂ ‘ಟಿಆರ್’ ಒಂದೊಂದು ಬೈಟನ್ನೂ ಬಿಡಿ ಅಕ್ಷರವೆಂದೇ ಎಣಿಸುತ್ತದೆ, ಅದರ ಕೈಪಿಡಿಯೇ ಈ ಮಿತಿಯನ್ನು ಹೇಳುತ್ತದೆ. ಬಾಗಿದ ಜೋಡಿ ಉದ್ಧರಣ ಚಿಹ್ನೆಗಳಲ್ಲಿ ಇರುವ ಬೈಟ್‌ಗಳ ಪೈಕಿ ಒಂದು ‘ಜ’ ಅಕ್ಷರದ ಕೊನೆಯ ಬೈಟ್ ಕೂಡ ಹೌದು. ಮತ್ತೊಂದು ‘ೀ’ ಎಂಬ ಸ್ವರಚಿಹ್ನೆಯ ಕೊನೆಯ ಬೈಟ್. ಚಿಹ್ನೆ ಅಳಿಸು ಎಂದರೆ ಪಠ್ಯದಲ್ಲಿನ ಪ್ರತಿಯೊಂದು ‘ಜ’, ಪ್ರತಿಯೊಂದು ‘ೀ’ ಬಾಲ ಕತ್ತರಿಸಿಕೊಂಡು ಬೀಳುತ್ತವೆ. ‘ಜೀವನ’ದಲ್ಲಿ ಉಳಿಯುವುದು ‘ವನ’, ಅದರ ಹಿಂದೆ ಅರ್ಥವಿಲ್ಲದ ಪ್ರಶ್ನಾರ್ಥಕ ಚೌಕಗಳು.

‘ಟಿಆರ್’ ಬಿಟ್ಟು, ಪಠ್ಯದಲ್ಲಿ ನಮೂನೆ ಹುಡುಕುವ ‘ಗ್ರೆಪ್’ ಹಿಡಿದರೆ ದಾರಿ ತೆರೆಯುತ್ತದೆ. ಪರ್ಲ್ ಶೈಲಿಯ ನಮೂನೆ ಬಳಸಿ, ಕನ್ನಡ ಲಿಪಿಯ ಸಂಕೇತಗಳು ಸತತವಾಗಿ ಬಂದಷ್ಟನ್ನೂ ಹೆಕ್ಕು ಎಂದರೆ ಅದು ಹೆಕ್ಕುತ್ತದೆ. ಇಲ್ಲೂ ಒಂದು ತೊಡಕಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮತ್ತು ‘ವೇ’ ಒತ್ತಕ್ಷರವಾಗಿ ಕೂಡದಂತೆ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕೂತಿರುತ್ತದೆ. ಯುನಿಕೋಡ್ ಅದನ್ನು ಕನ್ನಡ ಲಿಪಿಯ ಪಾಲಿಗೆ ಹಾಕಿಲ್ಲ. ಆದ್ದರಿಂದ ಎಣಿಕೆಯಲ್ಲಿ ‘ಸಾಫ್ಟ್’ ಒಂದು ಪದ, ‘ವೇರ್’ ಇನ್ನೊಂದು. ಆ ಸಂಕೇತವನ್ನೂ ನಮೂನೆಗೆ ಸೇರಿಸಿದ ಮೇಲೆ ಲೆಕ್ಕ ನೆಟ್ಟಗಾಗುತ್ತದೆ. ‘ಮನೆ’, ‘ಮನೆಗೆ’, ‘ಮನೆಯಲ್ಲಿ’ ಬೇರೆಬೇರೆಯಾಗಿಯೇ ಉಳಿಯುತ್ತವೆ. ಆ ಸಮಸ್ಯೆ ಕನೂತ್ ವಿಧಾನಕ್ಕೂ ಇದೆ.

ಟರ್ಮಿನಲ್‌ನ ನಿಜವಾದ ಬೆಲೆ ತಿಳಿಯುವುದು ಈ ತಿದ್ದುಪಡಿಗಳ ನಡುವೆ. ತಪ್ಪು ಎಲ್ಲಾಯಿತು ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾದದ್ದು, ಕೆಲಸ ಬರಹವಾಗಿ ಕಣ್ಣೆದುರು ಉಳಿದದ್ದರಿಂದ. ಪೈಪ್‌ನ ಯಾವ ಗಂಟಿನಲ್ಲಿ ಬೇಕಾದರೂ ನಿಲ್ಲಿಸಿ, ಅಲ್ಲಿಯವರೆಗೆ ಬಂದದ್ದನ್ನು ಪರೀಕ್ಷಿಸಬಹುದು. ತಿದ್ದಿದ ಸಾಲನ್ನು ಫೈಲಿನಲ್ಲಿಟ್ಟು ಸಹೋದ್ಯೋಗಿಗೆ ಕಳಿಸಬಹುದು, ಮುಂದಿನ ವರ್ಷ ಮತ್ತೆ ಓಡಿಸಬಹುದು. ಮೌಸ್‌ನಿಂದ ಮೆನು ಮೆನು ಹೊಕ್ಕು ಮಾಡಿದ ಕೆಲಸದಲ್ಲಿ ನಡೆದ ದಾರಿಯ ಗುರುತೇ ಉಳಿಯುವುದಿಲ್ಲ. ಸಾಲು ಚಿಕ್ಕದು ಎಂಬುದೊಂದನ್ನೇ ಹಾಡಿ ಹೊಗಳಿದ ಅಭಿಮಾನಿಗಳು ಈ ಗುಣವನ್ನು ಮೂಲೆಗೆ ತಳ್ಳಿದ್ದಾರೆ.

ಟೀಕಾಕಾರರೂ ಇದನ್ನು ಸರಿಯಾಗಿ ಕಾಣಲಿಲ್ಲ. ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1981ರಲ್ಲಿ ‘ಡೇಟಾಮೇಶನ್’ ಪತ್ರಿಕೆಯಲ್ಲಿ ಯುನಿಕ್ಸ್ ಮೇಲೆ ಹರಿಹಾಯ್ದರು: ಕಮಾಂಡ್‌ಗಳ ಹೆಸರಿಗೂ ಕೆಲಸಕ್ಕೂ ತಾಳಮೇಳವಿಲ್ಲ, ವ್ಯವಸ್ಥೆ ಬಾಯಿಬಿಡುವುದೇ ಇಲ್ಲ. ಮೌನದ ಬಗೆಗಿನ ಅವರ ದೂರು ಇಂದಿಗೂ ಅಷ್ಟೇ ಸತ್ಯ. ‘ಆರ್‌ಎಂ’ ಅಳಿಸಿದ ಫೈಲು ಕಸದಬುಟ್ಟಿಗೆ ಹೋಗುವುದಿಲ್ಲ, ‘ಸಿಪಿ’ ಹಳೆಯ ಫೈಲಿನ ಮೇಲೆ ಕೇಳದೆಯೇ ಬರೆಯುತ್ತದೆ. ಹೆಸರಿನ ಜಗಳ ಮಾತ್ರ ಮೇಲ್ಮೈಯದು. ‘ಟಿಆರ್’ಗೆ ಎಷ್ಟೇ ಒಳ್ಳೆಯ ಹೆಸರಿಟ್ಟರೂ ‘ಜ’ ಮುರಿಯುವುದು ತಪ್ಪುತ್ತಿರಲಿಲ್ಲ. ಇನ್ನೊಂದು ತುದಿಯಲ್ಲಿ ಕಾದಂಬರಿಕಾರ ನೀಲ್ ಸ್ಟೀಫನ್‌ಸನ್ ಇದ್ದಾರೆ. 1999ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಅವರು ಚಿತ್ರಮಯ ಪರದೆಯನ್ನು ಮನುಷ್ಯನಿಗೂ ಯಂತ್ರಕ್ಕೂ ನಡುವಿನ ಮಧ್ಯವರ್ತಿಯೆಂದು ಜರೆದು, ಕಮಾಂಡ್ ಸಾಲಿನ ನೇರ ನುಡಿಯನ್ನು ಎತ್ತಿಹಿಡಿದರು. 2004ರ ಹೊತ್ತಿಗೆ ತಾವು ಆಪಲ್‌ನ ಓಎಸ್ ಟೆನ್‌ಗೆ ಹೋದದ್ದನ್ನೂ ಆ ಪ್ರಬಂಧದ ಬಹುಪಾಲು ಹಳತಾದದ್ದನ್ನೂ ಅವರೇ ಹೇಳಿಕೊಂಡರು, ಅಭಿಮಾನಿಗಳು ಕೇಳಿಸಿಕೊಳ್ಳಲಿಲ್ಲ. ಟರ್ಮಿನಲ್‌ನಲ್ಲೂ ಮಧ್ಯವರ್ತಿ ಇದ್ದಾನೆ, ಅವನು ಬಹುಕಾಲ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಅಕ್ಷರವೆಂದು ತಿಳಿದಿದ್ದ ಎನ್ನುವುದನ್ನು ಕನ್ನಡದ ಫೈಲು ಬಯಲು ಮಾಡುತ್ತದೆ.

ಮನೆಬಳಕೆಯ ಲಾಭವೂ ಕಡೆಗಣನೆಗೆ ಒಳಗಾಗಿದೆ. ಎರಡು ಪಿಡಿಎಫ್ ಜೋಡಿಸಲು ಜನ ಆಧಾರ್, ಪಹಣಿಗಳನ್ನು ಯಾರದೋ ಸರ್ವರ್‌ಗೆ ಏರಿಸುತ್ತಾರೆ. ‘ಪಿಡಿಎಫ್‌ಯುನೈಟ್’ ಇದನ್ನು ಮನೆಯ ಕಂಪ್ಯೂಟರಿನಲ್ಲೇ, ಇಂಟರ್ನೆಟ್ ಇಲ್ಲದೆ ಮಾಡುತ್ತದೆ. ಅರ್ಜಿಗೆ ಬೇಕಾದ ಅಳತೆಗೆ ನೂರು ಫೋಟೊ ಇಳಿಸಲು ಇಮೇಜ್‌ಮ್ಯಾಜಿಕ್‌ನ ಒಂದು ಕಮಾಂಡ್ ಸಾಕು. ಅದರ ‘ಮೊಗ್ರಿಫೈ’ ಸುಮ್ಮನೆ ಬಳಸಿದರೆ ಮೂಲ ಫೋಟೊಗಳ ಮೇಲೇ ಬರೆದುಬಿಡುತ್ತದೆ ಎಂಬ ಎಚ್ಚರಿಕೆಯನ್ನು ಮೊದಲ ಪಾಠದಲ್ಲೇ ಹೇಳಬೇಕು.

ಕನ್ನಡ ಪದಗಳ ಎಣಿಕೆ ಸರಿಹೋದ ಮೇಲೂ ಪರದೆಯ ತೊಂದರೆ ಉಳಿದಿದೆ. ಟರ್ಮಿನಲ್ ಪರದೆ ಸಮ ಅಗಲದ ಚೌಕಗಳ ಸಾಲು. ಒತ್ತಕ್ಷರ, ದೀರ್ಘಗಳ ಅಗಲ ಆ ಚೌಕಕ್ಕೆ ಹೊಂದುವುದಿಲ್ಲ. ಹಲವು ಟರ್ಮಿನಲ್‌ಗಳಲ್ಲಿ ಕನ್ನಡ ಒಂದರ ಮೇಲೊಂದು ಬಿದ್ದು ಇಲ್ಲವೇ ಬಿಡಿಬಿಡಿಯಾಗಿ ಕಾಣುತ್ತದೆ. ಲಿನಕ್ಸ್‌ನ ಮೂಲ ಕನ್ಸೋಲ್‌ಗೆ ಒಂದು ಹೊತ್ತಿಗೆ 512 ಆಕಾರಗಳ ಮಿತಿಯಿದೆ, ಕನ್ನಡದ ಒತ್ತಕ್ಷರಗಳನ್ನು ಜೋಡಿಸುವ ಶಕ್ತಿಯೂ ಅದಕ್ಕಿಲ್ಲ. ಸದ್ಯದ ಉಪಾಯವೆಂದರೆ ಫಲಿತಾಂಶವನ್ನು ಫೈಲಿಗೆ ತಿರುಗಿಸಿ ಲಿಬ್ರೆಆಫೀಸ್‌ನಲ್ಲೋ ಬ್ರೌಸರ್‌ನಲ್ಲೋ ತೆರೆದು ಓದುವುದು. ಕನ್ನಡದಲ್ಲಿ ಟರ್ಮಿನಲ್ ಕಲಿಸುವವರು ಮೆಕಿಲ್ರಾಯ್ ಸಾಲಿನ ಜೊತೆಗೆ ಮೇಲೆ ಹೇಳಿದ ‘ಗ್ರೆಪ್’ ನಮೂನೆಯನ್ನೂ ಬರೆಸಲಿ, ಎರಡನ್ನೂ ಒಂದೇ ಕನ್ನಡ ಪಠ್ಯದ ಮೇಲೆ ಓಡಿಸಿ ತೋರಿಸಲಿ.